ಹೆರಿಗೆಯ ವೇಳೆ: ನರ, ಹಾರ್ಮೋನು ಮತ್ತು ಕನ್ನಡ ವಾಕ್ಯ

ಡೊಂಬಿವಲಿ ಎಂಐಡಿಸಿಯ ನಮ್ಮ ಕನ್ನಡ ಮನೆಗಳಲ್ಲಿ ಹಿರಿಯರು ಬಸುರಿಗೆ ‘ದಿನ ತುಂಬಿತು’ ಎನ್ನುತ್ತಾರೆ. ಅನಂತರ ‘ಬೇನೆ ಬಂತು’ ಎನ್ನುತ್ತಾರೆ. ಇವೆರಡೂ ಬೇರೆ ಬೇರೆ ಸಂಗತಿಗಳೆಂಬುದನ್ನು ಆಡುಮಾತು ಬಲ್ಲದು. ನಮ್ಮ ವಿಜ್ಞಾನಗದ್ಯ ಮಾತ್ರ ಇದನ್ನು ಮರೆತಂತಿದೆ. ಹೆರಿಗೆಯ ವೇಳೆಯನ್ನು ಗೊತ್ತುಮಾಡುವುದು ಯಾವುದೆಂದು ಕೇಳಿದರೆ, ‘ಹಾರ್ಮೋನು ಹೆರಿಗೆಯನ್ನು ಉಂಟುಮಾಡುತ್ತದೆ’ ಎಂಬಂಥ ಏಕಕರ್ತೃಕ ವಾಕ್ಯವೇ ನಮ್ಮ ಲೇಖನಗಳಲ್ಲಿ ಉತ್ತರವಾಗಿ ನಿಲ್ಲುತ್ತದೆ. ಈ ವಾಕ್ಯ ಸುಳ್ಳಲ್ಲ, ಆದರೆ ಸಾಲದು. ಅದನ್ನು ಇಲಿಯ ನಿದರ್ಶನದಿಂದಲೇ ಪರೀಕ್ಷಿಸುವುದು ಯುಕ್ತ; ಈ ವಿಷಯದ ನಮ್ಮ ತಿಳಿವಳಿಕೆಯಲ್ಲಿ ದೊಡ್ಡದೊಂದು ಪಾಲು ಆ ಪ್ರಾಣಿಯ ಋಣ.

ಇಲಿಯ ಗರ್ಭಾವಧಿ ಸುಮಾರು 22 ದಿನ. ಅಷ್ಟು ಕಾಲವೂ ಅಂಡಾಶಯದ ಹಳದಿ ಕಾಯವು ಪ್ರೊಜೆಸ್ಟರೋನನ್ನು ಸ್ರವಿಸುತ್ತ ಗರ್ಭಕೋಶವನ್ನು ಶಾಂತವಾಗಿ ಇರಿಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಧ್ವರಾಜ್ ಮತ್ತು ಎನ್. ಆರ್. ಮೌದ್ಗಲ್ ಅವರು 1970ರಲ್ಲಿ ಪ್ರಕಟಿಸಿದ ಸಂಶೋಧನೆಯನ್ನು ಇಲ್ಲಿ ನೆನೆಯಬೇಕು. ಪಿಟ್ಯುಟರಿ ಗ್ರಂಥಿಯನ್ನು ಕತ್ತರಿಸಿ ತೆಗೆಯದೆ, ಅದರ ಒಂದು ಹಾರ್ಮೋನನ್ನು ಮಾತ್ರ ಪ್ರತಿಕಾಯಗಳಿಂದ ನಿಷ್ಫಲಗೊಳಿಸಿ, ಗರ್ಭ ನಿಲ್ಲಲು ಆ ಹಾರ್ಮೋನು ಯಾವ ದಿನಗಳಲ್ಲಿ ಅನಿವಾರ್ಯವೆಂಬುದನ್ನು ಅವರು ಹುಡುಕಿದರು. ಅರ್ಧದಾರಿಯ ಬಳಿಕ ಅದರ ಅಗತ್ಯ ತಪ್ಪುತ್ತದೆ. ಹಳದಿ ಕಾಯವನ್ನು ಪೋಷಿಸುವ ಹೊಣೆ ಆಗ ಮಾಸಿನದಾಗುತ್ತದೆ. ಒಂದೇ ಹಾರ್ಮೋನಿಗೆ ಒಂದು ವಾರ ಇರುವ ಅಧಿಕಾರ ಮುಂದಿನ ವಾರ ಇರುವುದಿಲ್ಲ! ಕೊನೆಯ ದಿನಗಳಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ದ್ರವ್ಯದ ಪ್ರಭಾವದಿಂದ ಹಳದಿ ಕಾಯ ಕುಗ್ಗುತ್ತದೆ, ಪ್ರೊಜೆಸ್ಟರೋನ್ ಇಳಿಯುತ್ತದೆ, ಈಸ್ಟ್ರೊಜನ್ನಿನ ಕೈ ಮೇಲಾಗುತ್ತದೆ. ಆಕ್ಸಿಟೋಸಿನ್ನನ್ನು ಗುರುತಿಸುವ ಗ್ರಾಹಕಗಳು ಗರ್ಭಕೋಶದ ಗೋಡೆಯಲ್ಲಿ ಹೆಚ್ಚುತ್ತವೆ. ದಿನ ತುಂಬುವುದೆಂದರೆ ಇದು.

ಬೇನೆಯ ಕಥೆ ಬೇರೆ. ಮರಿ ಗರ್ಭಕಂಠವನ್ನು ಒತ್ತಿದಾಗ ಶ್ರೋಣಿಯ ನರಗಳು ಆ ಸುದ್ದಿಯನ್ನು ಬೆನ್ನುಹುರಿಯ ಮೂಲಕ ಮಿದುಳಿಗೆ ಒಯ್ಯುತ್ತವೆ. ಅಲ್ಲಿಂದ ಆಕ್ಸಿಟೋಸಿನ್ ಅಲೆಯಲೆಯಾಗಿ ರಕ್ತಕ್ಕೆ ಬರುತ್ತದೆ, ಗರ್ಭಕೋಶ ಮತ್ತಷ್ಟು ಬಿಗಿಯುತ್ತದೆ. ಈ ಬಗೆಯ ಪ್ರತಿವರ್ತನವನ್ನು ಫರ್ಗ್ಯುಸನ್ 1941ರಲ್ಲಿ ಮೊಲದಲ್ಲಿ ವಿವರಿಸಿದನು. ಇಲಿಯಲ್ಲಿ ಆ ನರಗಳನ್ನು ಎರಡೂ ಕಡೆ ಕತ್ತರಿಸಿದರೆ, ದಿನ ತುಂಬಿದ್ದರೂ ಹೆರಿಗೆ ತೊಡಕಾಗುತ್ತದೆ. ಇನ್ನೊಂದು ಸ್ವಾರಸ್ಯ ಉಂಟು. ಹೆರುತ್ತಿರುವ ಇಲಿಯನ್ನು ಅಪರಿಚಿತ ಪಂಜರಕ್ಕೆ ಸಾಗಿಸಿದರೆ ಹೆರಿಗೆ ನಿಧಾನವಾಗುತ್ತದೆ. ಅದರ ದೇಹದಲ್ಲೇ ಹುಟ್ಟುವ ಅಫೀಮಿನಂಥ ದ್ರವ್ಯಗಳು ಆಕ್ಸಿಟೋಸಿನ್ನನ್ನು ತಡೆಯುವುದೇ ಇದಕ್ಕೆ ಕಾರಣ. ಆ ದ್ರವ್ಯಗಳಿಗೆ ಪ್ರತಿಮದ್ದು ಕೊಟ್ಟರೆ ಹೆರಿಗೆ ಮತ್ತೆ ವೇಗಗೊಳ್ಳುತ್ತದೆ. ಆಕ್ಸಿಟೋಸಿನ್ ಹಾರ್ಮೋನೇ ಹೌದು, ಆದರೆ ಅದನ್ನು ತಯಾರಿಸುವುದು ನರಕೋಶ. ಹೀಗಿರುವಲ್ಲಿ ‘ನರವೋ ಹಾರ್ಮೋನೋ’ ಎಂಬ ಪ್ರಶ್ನೆಯೇ ಕೆಡುತ್ತದೆ.

ಭಾಷೆಯ ತೊಡಕೂ ಇದರೊಡನೆ ಸೇರಿದೆ. ಆಡುಗನ್ನಡದಲ್ಲಿ ‘ನರ’ವೆಂದರೆ ರಕ್ತನಾಳವೂ ಹೌದು, ಸ್ನಾಯುವಿನ ತುದಿಯೂ ಹೌದು. ನಮ್ಮ ನೆರೆಯ ಮರಾಠಿ ಪಠ್ಯಗಳು ‘ಚೇತಾತಂತು’, ‘ಸಂಪ್ರೇರಕ’ ಎಂಬ ಪದಗಳಿಂದ ಈ ಗೊಂದಲವನ್ನು ದಾಟಿವೆ. ಆದರೆ ಅವು ಮನೆಯೊಳಗೆ ಬಂದಿಲ್ಲ. ಹೊಸ ಪದ ಕಟ್ಟುವುದಕ್ಕಿಂತ ಹಳೆಯ ಪದದ ಎಲ್ಲೆಯನ್ನು ವಾಕ್ಯದಲ್ಲೇ ತೋರಿಸುವುದು ಮೇಲೆಂದು ನನ್ನ ಮತ. ವೈದ್ಯೆಯಾಗಿದ್ದ ಅನುಪಮಾ ನಿರಂಜನರ ‘ತಾಯಿ ಮಗು’ ಮನೆಮಾತಿಗೆ ಈ ಕಸುವು ಉಂಟೆಂಬುದಕ್ಕೆ ಸಾಕ್ಷಿ.

ಮಾಗಿದ ಹಣ್ಣು ತೊಟ್ಟಿನಿಂದ ಕಳಚುವಂತೆ ಗರ್ಭವು ಕಾಲಪರಿಪಾಕದಿಂದ ಬಿಡುಗಡೆಯಾಗುತ್ತದೆಂಬ ಉಪಮೆ ಸುಶ್ರುತಸಂಹಿತೆಯಲ್ಲಿದೆ. ಗರ್ಭವನ್ನು ಹೊರದೂಡುವುದು ಅಪಾನವಾಯುವೆಂದೂ ಆಯುರ್ವೇದ ಹೇಳುತ್ತದೆ. ಮಾಗುವಿಕೆ ಒಂದು, ನೂಕುವಿಕೆ ಇನ್ನೊಂದು ಎಂಬ ವಿವೇಕ ಅಲ್ಲಿದೆ. ಇದರಿಂದ ಪ್ರಾಚೀನರಿಗೆ ಹಾರ್ಮೋನು ತಿಳಿದಿತ್ತೆಂದು ಸಾಧಿಸಹೊರಡುವವರ ಉತ್ಸಾಹ ನನಗಿಲ್ಲ. ಒಳ್ಳೆಯ ಉಪಮೆಗೆ ಅಂಥ ಊರುಗೋಲು ಬೇಡ.

ಇದಕ್ಕಿಂತ ಗುರುತರವಾದ ಆಕ್ಷೇಪವೊಂದಿದೆ: ಯಾವ ಪ್ರಾಣಿಯ ಮಾತೆಂಬುದನ್ನು ನಮ್ಮ ಲೇಖಕರು ಮೊದಲ ಸಾಲಿನಲ್ಲಿ ಹೇಳಿ ಆಮೇಲೆ ಬಿಟ್ಟುಬಿಡುತ್ತಾರೆ. ನಮ್ಮ ನೆರೆಮನೆಯ ಸೊಸೆಯೊಬ್ಬಳು, ವೈದ್ಯರು ಹೇಳಿದ ದಿನ ದಾಟಿ ಎರಡು ದಿನವಾದಾಗ, ಇಂಥದೊಂದು ಲೇಖನವನ್ನೋದಿ ತನ್ನ ಪ್ರೊಜೆಸ್ಟರೋನ್ ಇಳಿದೇ ಇಲ್ಲವೆಂದು ರಾತ್ರಿಯಿಡೀ ಹೆದರಿ ಕುಳಿತಿದ್ದಳು. ‘ಕಳಾ ಏಕೆ ಬರಲಿಲ್ಲ?’ ಎಂದು ಮರಾಠಿ ಬೆರೆಸಿ ಅತ್ತೆಯನ್ನು ಮತ್ತೆ ಮತ್ತೆ ಕೇಳಿದಳಂತೆ. ಅವಳು ಓದಿದ್ದು ಇಲಿಯ ಸಂಗತಿ. ಇಲಿ ನಿಶಾಚರಿಯಾದರೂ ಬಹುಮಟ್ಟಿಗೆ ಹಗಲಿನಲ್ಲಿ ಹೆರುತ್ತದೆ. ಹೆಂಗಸರಲ್ಲಿ ತಾನಾಗಿ ಆಗುವ ಹೆರಿಗೆ ಇರುಳು ಮತ್ತು ನಸುಕಿನಲ್ಲಿ ಹೆಚ್ಚು. ಇಲಿಯ ಪ್ರೊಜೆಸ್ಟರೋನ್ ಕೊನೆಯವರೆಗೂ ಅಂಡಾಶಯದಿಂದ ಬರುತ್ತದೆ. ಹೆಂಗಸಿನಲ್ಲಿ ಮೂರನೆಯ ತಿಂಗಳ ಹೊತ್ತಿಗೆ ಆ ಕೆಲಸವನ್ನು ಮಾಸೇ ವಹಿಸಿಕೊಂಡಿರುತ್ತದೆ, ಮತ್ತು ಬೇನೆ ತೊಡಗುವ ಮುನ್ನ ರಕ್ತದಲ್ಲಿ ಅದರ ಪ್ರಮಾಣ ಇಲಿಯಲ್ಲಿ ಇಳಿದಂತೆ ಇಳಿಯುವುದೇ ಇಲ್ಲ. ಹಾರ್ಮೋನು ತುಂಬಿಕೊಂಡೇ ಇರುತ್ತದೆ. ಗರ್ಭಕೋಶ ಅದರ ಮಾತಿಗೆ ಕಿವುಡಾಗುತ್ತದೆ ಎಂಬುದು ಈಗಿನ ವಿದ್ವಾಂಸರ ಅಭಿಪ್ರಾಯ.