ಮೇಜಿನ ಬಾಡಿಗೆಯೋ, ಪಾಟಿನ ಪಾಲೋ?

ಪೋಕರ್ ಕೋಣೆಗಳಿಗೆ ಪರವಾನಗಿ ಕೊಡಬೇಕೋ ಬೇಡವೋ ಎಂಬ ಮಾತು ಎದ್ದಾಗಲೆಲ್ಲ ಅದು ಗಾಣದೆತ್ತಿನ ಹಾಗೆ ಒಂದೇ ಕಂಬ ಸುತ್ತುತ್ತದೆ: ಇದು ಜಾಣ್ಮೆಯ ಆಟವೋ, ಅದೃಷ್ಟದ ಆಟವೋ? ಇಸ್ಪೀಟು ಎಲೆ ಹಿಡಿದು ಕೂತವರಿಗೆ ಉತ್ತರ ಗೊತ್ತು. ಒಂದು ಕೈ ಅದೃಷ್ಟದ್ದು, ಒಂದು ವರ್ಷ ಜಾಣ್ಮೆಯದು. ನ್ಯಾಯಾಲಯಗಳಿಗೆ ಮಾತ್ರ ಇದು ಬಗೆಹರಿಯುತ್ತಿಲ್ಲ. ಜಾಣ್ಮೆಯ ಆಟವಾಗಿ ಆಡುವ ಪೋಕರ್‌ಗೆ ಲೈಸೆನ್ಸ್ ಬೇಕಿಲ್ಲ ಎಂದು ಕರ್ನಾಟಕ ಹೈಕೋರ್ಟ್ 2013ರ ಅಕ್ಟೋಬರಿನಲ್ಲಿ ಹೇಳಿತು. 2017ರ ಡಿಸೆಂಬರಿನಲ್ಲಿ ಗುಜರಾತ್ ಹೈಕೋರ್ಟ್ ಅದನ್ನೇ ಜೂಜು ಎಂದಿತು. 2024ರಲ್ಲಿ ಅಲಹಾಬಾದ್ ಹೈಕೋರ್ಟ್ ಮತ್ತೆ ಜಾಣ್ಮೆಯ ಕಡೆ ವಾಲಿತು. ಎಲೆಗಳು ಅವೇ ಐವತ್ತೆರಡು. ರಾಜ್ಯದ ಗಡಿ ದಾಟಿದರೆ ಆಟದ ಗುಣವೇ ಬೇರೆ!

ಸಂವಿಧಾನದ ರಾಜ್ಯಪಟ್ಟಿಯ 34ನೇ ನಮೂದು ಪಣ ಮತ್ತು ಜೂಜನ್ನು ರಾಜ್ಯಗಳ ಕೈಗೆ ಕೊಟ್ಟಿದೆ. ಪಶ್ಚಿಮ ಬಂಗಾಳ 1957ರ ಕಾಯ್ದೆಯಲ್ಲೇ ಜೂಜಿನ ವ್ಯಾಖ್ಯೆಯಿಂದ ಬ್ರಿಡ್ಜ್, ರಮ್ಮಿಗಳ ಜೊತೆ ಪೋಕರನ್ನೂ ಹೆಸರು ಹೇಳಿ ಹೊರಗಿಟ್ಟಿತು. ಗೋವಾ ಮಾಂಡೋವಿ ನದಿಯ ಹಡಗುಗಳಲ್ಲಿ ಕ್ಯಾಸಿನೊ ನಡೆಯಲು ಬಿಟ್ಟು, ಆಡಲು ಹೊರಗಿನವರನ್ನು ಕರೆದು, ತನ್ನ ಜನಕ್ಕೆ ಬಾಗಿಲು ಹಾಕಿತು. ವಾರಾಂತ್ಯಕ್ಕೆ ಅಲ್ಲಿಗೆ ಹೊರಡುವ ಹುಬ್ಬಳ್ಳಿ, ಬೆಳಗಾವಿಯ ಕಾರುಗಳು ಹೊರಗಿನವರ ಲೆಕ್ಕಕ್ಕೇ ಸೇರುತ್ತವೆ. ಮಹಾರಾಷ್ಟ್ರದ್ದು ಎಲ್ಲಕ್ಕಿಂತ ತಮಾಷೆ: 1976ರಲ್ಲಿ ಕ್ಯಾಸಿನೊ ಕಾಯ್ದೆ ಮಾಡಿ, ಒಂದು ದಿನವೂ ಜಾರಿಗೆ ತರದೆ, 2023ರಲ್ಲಿ ರದ್ದು ಮಾಡಿತು.

ನಮ್ಮಲ್ಲಿ 1963ರ ಪೊಲೀಸ್ ಕಾಯ್ದೆಯೇ ಆಧಾರ. ಜೂಜಿನ ಮನೆ ನಡೆಸುವವರನ್ನೂ ಅಲ್ಲಿ ಸಿಕ್ಕವರನ್ನೂ ಅದರ 79, 80ನೇ ಕಲಮುಗಳು ಹಿಡಿಯುತ್ತವೆ. ಜಾಣ್ಮೆಯ ಆಟವನ್ನು 176ನೇ ಕಲಮು ಬಿಡಿಸುತ್ತದೆ. 2021ರ ತಿದ್ದುಪಡಿ ಈ ವ್ಯತ್ಯಾಸವನ್ನೇ ಅಳಿಸಲು ಹೊರಟಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ತಳ್ಳಿಹಾಕಿತು. ಆಮೇಲೆ 2025ರ ಆಗಸ್ಟಿನಲ್ಲಿ ಸಂಸತ್ತು, ಜಾಣ್ಮೆಯೋ ಅದೃಷ್ಟವೋ ಎಂದು ನೋಡದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುವ ಕಾಯ್ದೆ ತಂದಿತು. ಮೊಬೈಲಿನ ಪೋಕರ್‌ಗೆ ಆ ಕಾಯ್ದೆ ಬಾಗಿಲು ಮುಚ್ಚಿದರೂ ಮರದ ಮೇಜು, ಹಸಿರು ಬಟ್ಟೆ, ಎದುರಿಗೆ ಉಸಿರಾಡುವ ಎದುರಾಳಿ ಇರುವ ಕೋಣೆಯನ್ನು ಮುಟ್ಟಲಿಲ್ಲ. ಅದರ ಮಾತು ವಿಧಾನಸೌಧದ ಬಾಗಿಲಲ್ಲೇ ಉಳಿದಿದೆ.

ಪರವಾನಗಿ ಕೊಡಲಿ ಎನ್ನುವವರಲ್ಲಿ ನಾನೂ ಒಬ್ಬ. ಆದರೆ ಜಾಣ್ಮೆಯ ವಾದವನ್ನು ಮುಂದಿಟ್ಟುಕೊಂಡು ಹೋಗುವುದು ನನಗೆ ಒಪ್ಪಿಗೆಯಿಲ್ಲ. ಅದು ಕೋಣೆ ನಡೆಸುವವನಿಗೆ ಅನುಕೂಲವಾದ ವಾದ. ಜಾಣ್ಮೆಯ ಆಟ ಎಂದರೆ ಏನರ್ಥ? ಮೊದಲ ಸಲ ಕೂತ ಹುಡುಗ ಸೋಲುವುದು ಹೆಚ್ಚುಕಡಿಮೆ ಖಚಿತ ಎಂದು. ಮಾವಿನ ತೋಪಿನಲ್ಲಿ ಅಂದರ್ ಬಾಹರ್‌ಗೆ ಕೂತವನಿಗೆ ಅರ್ಧಕ್ಕರ್ಧ ಅವಕಾಶವಾದರೂ ಇರುತ್ತದೆ. ಪೊಲೀಸರ ಜೀಪು ಹತ್ತುವವನೂ ಅವನೇ.

ನಾನು ಕೇಳುವುದು ಬೇರೆ ಪ್ರಶ್ನೆ. ಕೋಣೆಯವನು ದುಡ್ಡು ಮಾಡುವುದು ಎಲ್ಲಿಂದ? ಕುರ್ಚಿಯ ಬಾಡಿಗೆಯಿಂದಲೋ, ನಡುವೆ ಗುಡ್ಡೆ ಬಿದ್ದ ಪಾಟಿನಿಂದಲೋ?

ಇದಕ್ಕೆ ನಮ್ಮಲ್ಲೇ ಹಳೆಯ ಆಧಾರವಿದೆ. ರಮ್ಮಿ ಜಾಣ್ಮೆಯ ಆಟ ಎನ್ನಲು ಎಲ್ಲರೂ ಎತ್ತಿಹಿಡಿಯುವ 1967ರ ಸತ್ಯನಾರಾಯಣ ಪ್ರಕರಣದ ತೀರ್ಪು ಹುಟ್ಟಿದ್ದು ಸಿಕಂದರಾಬಾದಿನ ಒಂದು ಕ್ಲಬ್ಬಿನ ಮೇಲೆ ಬಿದ್ದ ದಾಳಿಯಿಂದ. ಆ ಕ್ಲಬ್ಬು ಆಟಕ್ಕೆ 5 ಪಾಯಿಂಟಿನಂತೆ ಶುಲ್ಕ ವಸೂಲಿ ಮಾಡುತ್ತಿತ್ತು. ಕ್ಲಬ್ಬು ಒದಗಿಸುವ ಸೌಲಭ್ಯಕ್ಕೆ ಅಷ್ಟು ತೆಗೆದುಕೊಳ್ಳುವುದು ತಪ್ಪಲ್ಲ ಎಂದಿತು ಸುಪ್ರೀಂ ಕೋರ್ಟ್. ಹಾಗೆಂದು ಪಣದಿಂದಲೇ ಮಾಲೀಕ ಲಾಭ ಎತ್ತುತ್ತಿದ್ದರೆ ಅದು ಅಪರಾಧವಾದೀತು ಎಂದೂ ಸೇರಿಸಿತು. ವಕೀಲರು ಮೊದಲ ಅರ್ಧ ಓದಿ ಪುಸ್ತಕ ಮುಚ್ಚುತ್ತಾರೆ.

ಅಮೆರಿಕದ ಟೆಕ್ಸಾಸ್ ಇದೇ ಎಳೆಯ ಮೇಲೆ ನಿಂತಿದೆ. ಅಲ್ಲಿಯ ದಂಡಸಂಹಿತೆ ಜೂಜನ್ನು ಅಪರಾಧವೆನ್ನುತ್ತದೆ. ಆದರೆ ಆಟ ಖಾಸಗಿ ಜಾಗದಲ್ಲಿದ್ದು, ಎಲ್ಲ ಆಟಗಾರರಿಗೂ ಅವಕಾಶ ಸಮವಿದ್ದು, ಆಡಿ ಗೆದ್ದದ್ದನ್ನು ಬಿಟ್ಟರೆ ಯಾರಿಗೂ ಆಟದಿಂದ ಲಾಭವಿಲ್ಲದಿದ್ದರೆ ಬಿಟ್ಟುಬಿಡುತ್ತದೆ. ಹಾಗಾಗಿ ಅಲ್ಲಿಯ ಪೋಕರ್ ಕ್ಲಬ್ಬುಗಳು ಪಾಟನ್ನು ಮುಟ್ಟುವುದಿಲ್ಲ. ಸದಸ್ಯತ್ವ ಕೊಟ್ಟು, ಕೂತ ಗಂಟೆಗಳ ಲೆಕ್ಕದಲ್ಲಿ ಕುರ್ಚಿಯ ಬಾಡಿಗೆ ತೆಗೆದುಕೊಳ್ಳುತ್ತವೆ. ಇದು ಸರಿಯೋ ತಪ್ಪೋ ಎಂಬ ಜಗಳದಲ್ಲಿ ಡಲ್ಲಾಸ್ ನಗರಾಡಳಿತ, ಕ್ಲಬ್ಬಿನ ಪರ ನಿಂತ ತನ್ನದೇ ಮಂಡಳಿಯ ಮೇಲೆ ದಾವೆ ಹೂಡಿತು. ಅದೇನೇ ಇರಲಿ, ಜಗಳ ನಡೆದದ್ದು ಸರಿಯಾದ ಜಾಗದಲ್ಲಿ.

ನಮ್ಮ ಕೋಣೆಗಳ ರೂಢಿ ರೇಕ್. ಪ್ರತಿ ಪಾಟಿನಿಂದ ನೂರಕ್ಕೆ ಐದು ಎನ್ನಿ, ಡೀಲರ್ ಸದ್ದಿಲ್ಲದೆ ಚಿಪ್ಪು ಎಳೆದು ಮೇಜಿನ ತೂತಿಗೆ ಹಾಕುತ್ತಾನೆ. ಗೆದ್ದವನು ಗೆದ್ದ ಖುಷಿಯಲ್ಲಿರುತ್ತಾನೆ, ಸೋತವನಿಗೆ ಅದು ತನ್ನ ದುಡ್ಡಲ್ಲ. ಯಾರಿಗೂ ನೋವಾಗದ ಕತ್ತರಿ. ಲೆಕ್ಕ ಹಾಕಿ ನೋಡಿ: ಒಂಬತ್ತು ಜನ, ತಲಾ ₹10,000. ಗಂಟೆಗೆ 25 ಕೈ, ಕೈಗೆ ಸರಾಸರಿ ₹150 ರೇಕ್. ಎಂಟು ಗಂಟೆಯಲ್ಲಿ ₹30,000. ಮೇಜಿಗೆ ಬಂದ ತೊಂಬತ್ತು ಸಾವಿರದಲ್ಲಿ ಮೂರನೆಯ ಒಂದು ಪಾಲು ತೂತಿಗೆ ಬಿತ್ತು. ಅದೇ ಗಂಟೆಗೆ ₹200 ಕುರ್ಚಿ ಬಾಡಿಗೆಯಾದರೆ ₹14,400.

ರೇಕ್ ದುಡ್ಡಿನ ಜೊತೆಗೆ ಆಟವನ್ನೂ ಕೆಡಿಸುತ್ತದೆ. ಒಂದು ಕೈ ನೋಡಿ. ನಿಮ್ಮ ಕೈಯಲ್ಲಿ ಆಟೀನು 9 ಮತ್ತು 8. ನೆಲದ ಮೇಲೆ ಆಟೀನು ಎಕ್ಕ, ಆಟೀನು 6, ಕಳಾವರ್ 5, ಇಸ್ಪೀಟು ರಾಜ. ಬರುವುದು ಇನ್ನೊಂದೇ ಎಲೆ. ಸದ್ಯಕ್ಕೆ ಎದುರಾಳಿ ನಿಮಗಿಂತ ಮೇಲಿದ್ದಾನೆ ಎಂದಿಟ್ಟುಕೊಳ್ಳಿ. ಪಾಟಿನಲ್ಲಿ ₹1,000 ಇತ್ತು. ಅವನು ಉಳಿದ ₹500 ಅಷ್ಟನ್ನೂ ತಳ್ಳಿದ. ನಿಮ್ಮನ್ನು ಉಳಿಸುವ ಎಲೆಗಳು ಹನ್ನೆರಡು: ಒಂಬತ್ತು ಆಟೀನು, ಬೇರೆ ಬಣ್ಣದ ಮೂರು ಏಳು. ಕಾಣದ 46 ಎಲೆಗಳಲ್ಲಿ 12 ಎಂದರೆ ನೂರಕ್ಕೆ 26.1. ₹2,000ದ ಪಾಟಿಗೆ ₹500 ಹಾಕಲು 25 ಇದ್ದರೆ ಸಾಕು; ಹಾಕಬೇಕು. ಆದರೆ ಐದು ಪರ್ಸೆಂಟ್ ರೇಕ್ ಕಳೆದರೆ ಪಾಟು ₹1,900. ಆಗ ಬೇಕಾದದ್ದು 26.3. ಎಲೆ ಎಸೆದು ಸುಮ್ಮನಿರಬೇಕು. ಆಡಬಹುದಾಗಿದ್ದ ಕೈಯನ್ನು ಮಡಚಿಸಿದವನು ಎದುರಾಳಿಯಲ್ಲ, ಕೋಣೆಯವನು.

ಕುರ್ಚಿ ಬಾಡಿಗೆಗೂ ಒಂದು ಕಾಟವಿದೆ. ಗಡಿಯಾರ ಓಡುತ್ತಿರುವಾಗ ಯೋಚಿಸುವವನನ್ನು ಕಂಡರೆ ಎಲ್ಲರಿಗೂ ಉರಿ. ನಿಧಾನಸ್ಥರಾದ ನನ್ನಂಥವರು ಬೈಸಿಕೊಳ್ಳಬೇಕಾಗುತ್ತದೆ, ಬೈಸಿಕೊಳ್ಳೋಣ.

ಮಸೂದೆ ಬರುವುದಾದರೆ ಅದರಲ್ಲಿ ಜಾಣ್ಮೆಯ ವ್ಯಾಖ್ಯೆಗೆ ಒಂದು ಸಾಲು ಸಾಕು. ಉಳಿದದ್ದು ಹೀಗಿರಲಿ: ಪಾಟಿನಿಂದ ಪಾಲು ತೆಗೆಯಕೂಡದು. ಕೋಣೆಯವನು ಆಟಗಾರನಿಗೆ ಸಾಲ ಕೊಡಕೂಡದು. ರಾತ್ರಿ ಎರಡಕ್ಕೆ ಸಿಗುವ ಸಾಲಕ್ಕಿಂತ ಕೆಟ್ಟ ಎಲೆ ಇಡೀ ಕಟ್ಟಿನಲ್ಲಿಲ್ಲ. ಕೋಣೆಯವನೇ ತನ್ನ ಆಳುಗಳನ್ನು ಆಟಗಾರರ ವೇಷದಲ್ಲಿ ಕೂರಿಸಕೂಡದು. ಸರ್ಕಾರಕ್ಕೂ ಒಂದು ಮಾತು: ಕ್ಯಾಸಿನೊಗಳಿಗೆ 2023ರ ಅಕ್ಟೋಬರಿನಿಂದ ಮಾಡಿದ ಹಾಗೆ ಚಿಪ್ಪು ಕೊಂಡ ಹಣದ ಮೇಲೇ ಜಿಎಸ್‌ಟಿ ಹೇರಿದರೆ ರೇಕ್ ತೆಗೆದದ್ದೂ ವ್ಯರ್ಥ. ತೆರಿಗೆ ಬಾಡಿಗೆಯ ಮೇಲಿರಲಿ.

ಕ್ಲಬ್ ನಡೆಸುವ ಪರಿಚಿತರೊಬ್ಬರಿಗೆ ಈ ಪಟ್ಟಿ ಓದಿ ಹೇಳಿದೆ. “ಗಂಟೆಗೆ ಇನ್ನೂರಾ? ಎಸಿ ಬಿಲ್ಲೂ ಹುಟ್ಟಲ್ಲ ಸಾರ್” ಎಂದರು. ಹಾಗಾದರೆ ಮುನ್ನೂರು ಇಡಿ, ಬಾಗಿಲ ಹತ್ತಿರ ಬೋರ್ಡಿನಲ್ಲಿ ಬರೆಸಿಬಿಡಿ ಎಂದೆ. ಬೋರ್ಡು ಬೇಡ ಎಂದರು.