ದೋಣಿ ನಿಂತಾಗ ಸಿಗುವ ಚಿತ್ರ

ಟೆಕ್ಸಾಸ್‌ನ ಲಿಟಲ್ ಎಲ್ಮ್‌ನಲ್ಲಿ ನೀರಿಗೆ ಬರವಿಲ್ಲ. ಲೂಯಿಸ್‌ವಿಲ್ ಸರೋವರ ಊರಿನ ಅಂಚಿನಲ್ಲೇ ಇದೆ. ಕಡಲು ನೋಡಬೇಕೆಂದರೆ ಮಾತ್ರ ಗ್ಯಾಲ್ವೆಸ್ಟನ್‌ವರೆಗೆ ಐದಾರು ಗಂಟೆ ಕಾರು ಓಡಿಸಬೇಕು. ದೊಡ್ಡ ತಿಮಿಂಗಿಲ ನೋಡುವ ಆಸೆಯಿದ್ದರೆ ವಿಮಾನ ಹತ್ತಲೇಬೇಕು: ಚಳಿಗಾಲಕ್ಕೆ ಹವಾಯಿ, ಬೇಸಿಗೆಗೆ ಅಲಾಸ್ಕಾದ ಜೂನೋ ಅಥವಾ ಕ್ಯಾಲಿಫೋರ್ನಿಯಾದ ಮಾಂಟೆರೇ. ಊರಿನಿಂದ ಅಪ್ಪ ಅಮ್ಮ ಬಂದಾಗ ಇಂಥ ಪ್ರವಾಸ ಹೊರಡುವ ಕನ್ನಡದ ಮನೆಗಳು ಡಲ್ಲಾಸ್ ಸುತ್ತಮುತ್ತ ಬಹಳ. ಹಿಂದಿರುಗಿದ ವಾರ ವಾಟ್ಸಾಪ್ ಗುಂಪುಗಳಿಗೆ ಬರುವ ಚಿತ್ರಗಳಲ್ಲಿ ಎಲ್ಲರ ಮೆಚ್ಚುಗೆ ಗಿಟ್ಟಿಸುವುದು ಒಂದೇ ಬಗೆಯದು: ಚೌಕಟ್ಟಿನ ತುಂಬ, ನೀರಿನಿಂದ ಚಿಮ್ಮಿದ ಮೈ. ಈ ಮೆಚ್ಚುಗೆಯ ಅಳತೆಗೋಲು ಸರಿಯಿಲ್ಲ ಎಂಬುದು ನನ್ನ ವಾದ. ಚಿತ್ರದ ಬೆಲೆ ಕಟ್ಟುವಾಗ ಅದನ್ನು ತೆಗೆಯಲು ದೋಣಿ ಹೇಗೆ ನಡೆದುಕೊಂಡಿತು ಎಂಬುದೂ ಲೆಕ್ಕಕ್ಕೆ ಬರಬೇಕು.

ಕನ್ನಡಿಗರಿಗೆ ಈ ಅಳತೆಗೋಲು ಹೊಸದಾಗಬೇಕಾಗಿಲ್ಲ. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ, ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ಇವರೆಲ್ಲ ಕಾಡಿನ ಛಾಯಾಗ್ರಹಣವನ್ನು ಕಾಯುವ ಕಲೆಯಾಗಿಯೇ ಬೆಳೆಸಿದವರು. ಮರೆಯಲ್ಲಿ ಅಲುಗಾಡದೆ ಕೂತವನನ್ನು ಹಕ್ಕಿ ಮರೆತ ಮೇಲೆಯೇ ಚಿತ್ರ. ಈ ಪರಂಪರೆ ತನ್ನನ್ನು ತಾನು ತಿದ್ದಿಕೊಂಡೂ ಬಂದಿದೆ. ಒಂದು ಕಾಲಕ್ಕೆ ಹೆಮ್ಮೆಯ ಮಾತಾಗಿದ್ದ ಗೂಡಿನ ಚಿತ್ರಗಳನ್ನು ಇಂದು ಎಷ್ಟೋ ಸ್ಪರ್ಧೆಗಳು ಸ್ವೀಕರಿಸುವುದಿಲ್ಲ. ಮರಿಗಳಿಗೆ ಆಪತ್ತು ತಂದು ಪಡೆದ ಅಂದಕ್ಕೆ ಅಂಕ ಬೇಡ ಎಂದು ಛಾಯಾಗ್ರಾಹಕರೇ ತೀರ್ಮಾನಿಸಿದರು. ಮರಿಯೊಂದಿಗಿರುವ ತಾಯಿ ತಿಮಿಂಗಿಲದ ವಿಷಯದಲ್ಲಿ ನಾವು ಇನ್ನೂ ಆ ತೀರ್ಮಾನಕ್ಕೆ ಬಂದಿಲ್ಲ.

ಕಡಲಿನಲ್ಲಿ ಮರೆ ಎಂಬುದೇ ಇಲ್ಲ. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಹರಿಯುತ್ತದೆ, ಗಾಳಿಯಲ್ಲಿ ಹರಿಯುವುದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗವಾಗಿ. ನಮ್ಮ ಕಣ್ಣಿಗೆ ತಿಮಿಂಗಿಲ ಬೀಳುವ ಎಷ್ಟೋ ಮೊದಲೇ ನಮ್ಮ ಎಂಜಿನ್ ಅದರ ಕಿವಿಗೆ ಬಿದ್ದಿರುತ್ತದೆ. ಕಿವಿಯನ್ನೇ ನಂಬಿ ದಾರಿ, ಆಹಾರ, ಸಂಗಾತಿಯನ್ನು ಹುಡುಕುವ ಜೀವಿಗೆ ಈ ಸದ್ದು ಸಣ್ಣ ಸಂಗತಿಯಲ್ಲ. ಸಣ್ಣ ದೋಣಿಯ ಗುಣವೂ ದೋಷವೂ ಇಲ್ಲೇ ಇವೆ. ನೀರಿನ ಮಟ್ಟಕ್ಕೆ ಹತ್ತಿರ ಕೂತವನ ಲೆನ್ಸಿಗೆ ಪ್ರಾಣಿಯ ನಿಜವಾದ ಗಾತ್ರ ಸಿಗುತ್ತದೆ. ಅದು ಉಸಿರು ಬಿಡುವ ಸದ್ದು ಎದೆಗೇ ತಟ್ಟುತ್ತದೆ. ದೊಡ್ಡ ಹಡಗಿನ ಮೇಲಂತಸ್ತಿನಿಂದ ಅದೇ ಪ್ರಾಣಿ ಚಪ್ಪಟೆಯಾಗಿ ಕಾಣುತ್ತದೆ. ಆದರೆ ಸಣ್ಣ ದೋಣಿ ಚುರುಕಾದ್ದು. ಥಟ್ಟನೆ ತಿರುಗಬಲ್ಲದು, ಬೆನ್ನಟ್ಟಬಲ್ಲದು. ಹಣ ಕೊಟ್ಟವರೆಲ್ಲ ಇನ್ನೂ ಹತ್ತಿರ, ಇನ್ನೂ ಹತ್ತಿರ ಎಂದು ಒತ್ತಾಯಿಸಿದರೆ ದೋಣಿ ನಡೆಸುವವರಿಗೆ ಆ ಚುರುಕುತನವೇ ಪ್ರಲೋಭನೆ.

ಅಮೆರಿಕದಲ್ಲಿ ಇದಕ್ಕೆ ಕಾನೂನಿದೆ. 1972ರ ಸಾಗರ ಸಸ್ತನಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈ ಪ್ರಾಣಿಗಳಿಗೆ ಕಿರುಕುಳ ಕೊಡುವುದು ಅಪರಾಧ. ಡಾಲ್ಫಿನ್‌ನಿಂದ 50 ಗಜ, ದೊಡ್ಡ ತಿಮಿಂಗಿಲದಿಂದ 100 ಗಜ ದೂರವಿರಬೇಕೆಂಬುದು ಸಾಮಾನ್ಯ ಸೂಚನೆ. ಹವಾಯಿ ಮತ್ತು ಅಲಾಸ್ಕಾದಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲಗಳ ಮಟ್ಟಿಗೆ ಆ 100 ಗಜ ಕಟ್ಟುನಿಟ್ಟಿನ ನಿಯಮ. ತಿಮಿಂಗಿಲ ಸಾಗುವ ದಾರಿಯಲ್ಲಿ ಮುಂದೆ ಹೋಗಿ ಅಡ್ಡ ನಿಂತು, ತಾನಾಗಿ ಹತ್ತಿರ ಬಂತು ಎಂದು ಹೇಳಿಕೊಳ್ಳುವುದಕ್ಕೂ ಅಲ್ಲಿ ಅವಕಾಶವಿಲ್ಲ. ಇಂಥ ಅಡ್ಡದಾರಿಯಲ್ಲಿ ದಕ್ಕಿದ ಚಿತ್ರ ಎಷ್ಟೇ ಸ್ಫುಟವಾಗಿರಲಿ, ನನ್ನ ಮಟ್ಟಿಗೆ ಅದು ಸೋತ ಚಿತ್ರ.

ಗೆದ್ದ ಚಿತ್ರಕ್ಕೆ ಉದಾಹರಣೆ ಟೆಕ್ಸಾಸ್‌ನಲ್ಲೇ ಸಿಗುತ್ತದೆ. ಗ್ಯಾಲ್ವೆಸ್ಟನ್‌ನಿಂದ ಬೊಲಿವಾರ್ ಪರ್ಯಾಯದ್ವೀಪಕ್ಕೆ ರಾಜ್ಯದ ಸಾರಿಗೆ ಇಲಾಖೆ ಉಚಿತ ಫೆರಿ ಓಡಿಸುತ್ತದೆ. ದಾಟಲು ಇಪ್ಪತ್ತು ನಿಮಿಷವೂ ಬೇಡ. ಕಾರುಗಳನ್ನು ದಾಟಿಸುವುದಷ್ಟೇ ಅದರ ಕೆಲಸ, ಯಾವ ಪ್ರಾಣಿಯ ಹಿಂದೆಯೂ ಅದು ಹೋಗುವುದಿಲ್ಲ. ಆದರೂ ಬಾಟಲ್‌ನೋಸ್ ಡಾಲ್ಫಿನ್‌ಗಳು ಅದರ ಆಸುಪಾಸಿನಲ್ಲೇ ಏಳುತ್ತವೆ, ಮನಸ್ಸಿದ್ದರೆ ಅಲೆಯ ಜೊತೆ ಓಡುತ್ತವೆ. ನೇರ ದಾರಿ, ಸಮವಾದ ವೇಗ, ಹತ್ತಿರ ಬರುವುದೋ ಬಿಡುವುದೋ ಪ್ರಾಣಿಯ ಇಷ್ಟ. ಹಣ ಪಡೆದು ಕರೆದೊಯ್ಯುವ ಸಣ್ಣ ದೋಣಿಗಳು ಈ ಶಿಸ್ತನ್ನು ಪಾಲಿಸಿದರೆ ಪ್ರವಾಸಿಗೆ ನಷ್ಟವೇನೂ ಇಲ್ಲ.

ಕಸುಬಿನ ದೃಷ್ಟಿಯಿಂದಲೂ ಬೆನ್ನಟ್ಟುವುದು ದಡ್ಡತನ. ಓಡುವ ದೋಣಿ ಕುಣಿಯುತ್ತದೆ, ಉಪ್ಪುನೀರು ಲೆನ್ಸಿಗೆ ಸಿಡಿಯುತ್ತದೆ, ಟ್ರೈಪಾಡ್ ಇಟ್ಟರೆ ಎಂಜಿನ್ನಿನ ನಡುಕವನ್ನೆಲ್ಲ ಕ್ಯಾಮೆರಾಗೆ ದಾಟಿಸುತ್ತದೆ. ದೋಣಿ ನಿಧಾನವಾದಾಗ ಮೊಣಕಾಲು ಸಡಿಲ ಬಿಟ್ಟು ನಿಂತು, ಶಟರ್ ವೇಗವನ್ನು ಸೆಕೆಂಡಿನ ಸಾವಿರದಲ್ಲೊಂದು ಭಾಗ ಅಥವಾ ಅದಕ್ಕೂ ಚುರುಕಾಗಿಟ್ಟು, ಬರಿಗಣ್ಣಿನಿಂದ ನೀರು ಓದುತ್ತಿದ್ದರೆ ಉಸಿರಾಟದ ಲಯ ಗೊತ್ತಾಗುತ್ತದೆ. ಕೆಲವು ಸಲ ಉಸಿರೆಳೆದ ಮೇಲೆ ಹಂಪ್‌ಬ್ಯಾಕ್ ಬೆನ್ನನ್ನು ಬಿಲ್ಲಿನಂತೆ ಬಾಗಿಸಿದರೆ ಆಳಕ್ಕೆ ಇಳಿಯುವ ಸಿದ್ಧತೆ; ಮರುಕ್ಷಣ ಬಾಲ ಮೇಲೇಳುತ್ತದೆ. ಆ ಬಾಗನ್ನು ಗುರುತಿಸಿದವನಿಗೆ ಹಿಂದಿನಿಂದ, ದೂರದಿಂದಲೇ ಬಾಲದ ಅಡಿಭಾಗ ಸಿಗುತ್ತದೆ.

ಬೆಲೆ ಇರುವುದೂ ಆ ಅಡಿಭಾಗದ ಚಿತ್ರಕ್ಕೇ. ಅದರ ಕಪ್ಪು ಬಿಳುಪಿನ ಮಚ್ಚೆಗಳು ಒಂದು ಹಂಪ್‌ಬ್ಯಾಕ್‌ನಿಂದ ಇನ್ನೊಂದಕ್ಕೆ ಬೇರೆ. 1970ರ ದಶಕದ ಆರಂಭದಲ್ಲಿ ಕೆನಡಾದ ವಿಜ್ಞಾನಿ ಮೈಕೆಲ್ ಬಿಗ್ ಇಂಥದೇ ಗುರುತುಗಳನ್ನು ನಂಬಿ, ಕಿಲ್ಲರ್ ವೇಲ್ ಎನ್ನುವ ಓರ್ಕಾಗಳ ಬೆನ್ನಿನ ಈಜುರೆಕ್ಕೆಯ ಗಾಯ, ಕಚ್ಚುಗಳನ್ನು ಚಿತ್ರಗಳಲ್ಲಿ ಹೋಲಿಸಿ ಒಂದೊಂದನ್ನೂ ಗುರುತಿಸಿದರು. ಬ್ರಿಟಿಷ್ ಕೊಲಂಬಿಯಾ ತೀರದಲ್ಲಿ ಲೆಕ್ಕವಿಲ್ಲದಷ್ಟಿವೆ ಎಂದುಕೊಂಡಿದ್ದ ಆ ಪ್ರಾಣಿಗಳು ಕೆಲವೇ ನೂರು ಎಂದು ತಿಳಿದದ್ದು ಆ ಕಾಲದ ಎಣಿಕೆಯಿಂದ. 2015ರಲ್ಲಿ ಶುರುವಾದ ಹ್ಯಾಪಿವೇಲ್ ಎಂಬ ಸಂಗ್ರಹ ಪ್ರವಾಸಿಗಳು ಕಳಿಸುವ ಬಾಲದ ಚಿತ್ರಗಳಿಂದಲೇ ತಿಮಿಂಗಿಲಗಳ ವಲಸೆಯನ್ನು ಗುರುತಿಸುತ್ತಿದೆ. ಚಿಮ್ಮಿದ ಮೈಯ ಚಿತ್ರ ತಿಮಿಂಗಿಲ ಎಂಬ ಜಾತಿಯನ್ನು ತೋರಿಸಿದರೆ, ದಿನಾಂಕ ಮತ್ತು ಜಾಗದ ವಿವರವಿರುವ ಬಾಲದ ಚಿತ್ರ ಆ ಒಂದು ತಿಮಿಂಗಿಲದ ಬಾಳನ್ನೇ ಹಿಂಬಾಲಿಸುತ್ತದೆ.

ಟೆಕ್ಸಾಸ್ ಮುಂದಿನ ಕೊಲ್ಲಿಯಲ್ಲೂ ಒಂದು ಬಗೆಯ ತಿಮಿಂಗಿಲವಿದೆ ಎಂಬುದು ಇಲ್ಲಿನ ನಮ್ಮವರಲ್ಲಿ ಹಲವರಿಗೆ ಗೊತ್ತಿಲ್ಲ. 2019ರ ಜನವರಿಯಲ್ಲಿ ಫ್ಲಾರಿಡಾದ ಎವರ್‌ಗ್ಲೇಡ್ಸ್ ತೀರದಲ್ಲಿ ಸತ್ತು ಸಿಕ್ಕಿದ ಒಂದು ತಿಮಿಂಗಿಲದ ತಲೆಬುರುಡೆಯನ್ನು ಅಭ್ಯಸಿಸಿ 2021ರಲ್ಲಿ ಅದನ್ನು ರೈಸ್ ತಿಮಿಂಗಿಲ ಎಂಬ ಹೊಸ ಪ್ರಭೇದವೆಂದು ಘೋಷಿಸಲಾಯಿತು. ಜಗತ್ತಿನಲ್ಲಿ ಉಳಿದಿರುವುದು ಸುಮಾರು 50 ಎಂದು ಅಂದಾಜು. ತೀರದಿಂದ ದೂರದ ಆಳನೀರಿನಲ್ಲಿ ಬದುಕುವ ಇದು ಯಾವ ಪ್ರವಾಸಿ ದೋಣಿಗೂ ದರ್ಶನ ಕೊಡುವುದಿಲ್ಲ. ಅಪರೂಪದ ಚಿತ್ರಕ್ಕಾಗಿ ಅದನ್ನು ಹುಡುಕಿಕೊಂಡು ಹೋಗದಿರುವುದೂ ಒಳ್ಳೆಯ ಛಾಯಾಗ್ರಹಣದ ಪಾಠವೇ.

ಈ ಮಾತು ಅಮೆರಿಕಕ್ಕಷ್ಟೇ ಅಲ್ಲ. ರಜೆಗೆ ಊರಿಗೆ ಹೋದಾಗ ಕಾರವಾರದಲ್ಲೋ ಮುರ್ಡೇಶ್ವರದಲ್ಲೋ ಮಕ್ಕಳಿಗೆ ಡಾಲ್ಫಿನ್ ತೋರಿಸುತ್ತೇವೆ. ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹುಲಿಗೆ ಕೊಟ್ಟ ಮೊದಲ ಅನುಸೂಚಿಯ ರಕ್ಷಣೆಯನ್ನೇ ಡಾಲ್ಫಿನ್‌ಗೂ ಕೊಟ್ಟಿದೆ. ನಾಗರಹೊಳೆಯಲ್ಲಿ ಜೀಪು ಹುಲಿಯನ್ನು ಅಟ್ಟಿಸಿಕೊಂಡು ಹೋದರೆ ನಾವು ಸಿಟ್ಟಾಗುತ್ತೇವೆ. ಅದೇ ಸಿಟ್ಟು ಕಡಲಿನಲ್ಲೂ ಬರಬೇಕು.

ಹ್ಯೂಸ್ಟನ್, ಆಸ್ಟಿನ್, ಡಲ್ಲಾಸ್‌ನ ಕನ್ನಡ ಬಳಗಗಳಲ್ಲಿ ಛಾಯಾಚಿತ್ರ ಸ್ಪರ್ಧೆ ಏರ್ಪಡಿಸುವವರಿಗೆ ನನ್ನದೊಂದು ವಿನಂತಿ: ವನ್ಯಜೀವಿ ಚಿತ್ರದ ಜೊತೆಗೆ ದಿನಾಂಕ, ಜಾಗ, ಪ್ರಾಣಿಯಿಂದ ಇದ್ದ ದೂರ ಇವನ್ನೂ ಕೇಳಿ, ಅವಕ್ಕೂ ಅಂಕ ಕೊಡಿ. ದೋಣಿ ಹತ್ತುವವರಿಗೆ ಇನ್ನೊಂದು: ಹೊರಡುವ ಮೊದಲೇ ನಡೆಸುವವರಿಗೆ, ನಮಗೆ ಹತ್ತಿರದ ಚಿತ್ರ ಬೇಡ, ದೂರದಲ್ಲೇ ನಿಲ್ಲಿಸಿ, ಕಾಯುತ್ತೇವೆ ಎಂದು ಹೇಳಿ. ಹಣ ಕೊಟ್ಟವರ ಬಾಯಿಂದಲೇ ಆ ಮಾತು ಬಂದರೆ ಅವರಿಗೂ ಬೆನ್ನಟ್ಟುವ ಒತ್ತಡವಿರುವುದಿಲ್ಲ.