ಮಣ್ಣು ತುಳಿಯುವ ಶಿಬಿರ ಮತ್ತು ಗೋಡೆಯ ವಿದ್ಯೆ

ಮಣ್ಣು ಮತ್ತು ಹುಲ್ಲಿನಿಂದ ಮನೆ ಕಟ್ಟುವುದನ್ನು ಕೈಯಾರೆ ಕಲಿಸುವ ಶಿಬಿರಗಳಿಗೆ ದಕ್ಷಿಣ ಭಾರತದಲ್ಲಿ ಸಂದಿರುವ ಕೀರ್ತಿಯು ಅವು ಕಲಿಸುವ ವಿದ್ಯೆಗಿಂತ ಬಹಳ ದೊಡ್ಡದಾಗಿ ಬೆಳೆದಿದೆ. ಹಸನ್ ಫತಿಯ ಗೌರ್ನಾ, ಲಾರಿ ಬೇಕರರ ಕೇರಳ, ಆರೋವಿಲ್‌ನ ಪ್ರಯೋಗಗಳು ಆಸಕ್ತ ಓದುಗರಿಗೆ ತಿಳಿದ ಸಂಗತಿಗಳಾದ್ದರಿಂದ ಅವನ್ನು ಮತ್ತೆ ವಿವರಿಸಬೇಕಿಲ್ಲ. ಪರೀಕ್ಷೆಗೆ ಒಳಗಾಗಬೇಕಾದದ್ದು ಶಿಬಿರವೆಂಬ ಬೋಧನಾಕ್ರಮ. ಅದಕ್ಕೆ ಮಂಡ್ಯ, ಮದ್ದೂರು, ಮಳವಳ್ಳಿಯ ಸೀಮೆಯನ್ನು ಒರೆಗಲ್ಲಾಗಿ ಇಟ್ಟುಕೊಳ್ಳುವುದು ಸೂಕ್ತ. ಏಕೆಂದರೆ ಕೆಂಪು ಮಣ್ಣು, ಭತ್ತದ ಹುಲ್ಲು, ಮಣ್ಣಿನ ಗೋಡೆಯ ಹಳೆಯ ರೂಢಿ ಈ ಮೂರೂ ಇಲ್ಲಿ ಒಟ್ಟಿಗಿವೆ, ಬೆಂಗಳೂರಿನಿಂದ ಬಂದು ಹೆದ್ದಾರಿಯ ಆಸುಪಾಸಿನಲ್ಲಿ ತೋಟ ಕೊಳ್ಳುವವರ ಹಂಬಲವೂ ಇದೆ.

ಶಿಬಿರದ ನಡುಮಧ್ಯೆ ಇರುವುದು ತುಳಿತ. ‘ಕಾಬ್’ ಎಂದರೆ ಜೇಡಿ, ಮರಳು, ಹುಲ್ಲು, ನೀರು ಇವನ್ನು ಕಲಸಿ, ಅಚ್ಚಿನ ನೆರವಿಲ್ಲದೆ ಮುದ್ದೆಯ ಮೇಲೆ ಮುದ್ದೆಯಿಟ್ಟು ಗೋಡೆ ಎಬ್ಬಿಸುವ ವಿಧಾನ. ಇಂಗ್ಲೆಂಡಿನ ಡೆವನ್ ಪ್ರಾಂತದಲ್ಲಿ ಶತಮಾನಗಳಿಂದ ಬಳಕೆಯಲ್ಲಿದ್ದ ಇದಕ್ಕೆ ಅಮೆರಿಕದ ಆರೆಗಾನ್‌ನಲ್ಲಿ 1990ರ ದಶಕದಲ್ಲಿ ಇಯಾಂಟೊ ಇವಾನ್ಸ್ ಮತ್ತು ಸಂಗಡಿಗರು ಮರುಜೀವ ಕೊಟ್ಟರು. ಟಾರ್ಪಾಲಿನ ಮೇಲೆ ಬರಿಗಾಲಲ್ಲಿ ತುಳಿದು, ಅದರ ಅಂಚನ್ನೆತ್ತಿ ಮಗುಚಿ, ಮತ್ತೆ ತುಳಿಯುವ ಈಗಿನ ಕ್ರಮ ಹರಡಿದ್ದು ಆ ಬಳಗದಿಂದಲೇ. ಎತ್ತುಗಳಿಲ್ಲದ, ಸಣ್ಣ ಗುಂಪಿನ, ಸ್ವಲ್ಪ ಸ್ವಲ್ಪವೇ ಕಲಸುವ ಕೆಲಸಕ್ಕೆ ಅದು ಜಾಣತನದ ಉಪಾಯ. ಆದರೆ ಉಪಾಯವೇ ವಿದ್ಯೆಯೆಂದು ಬೋಧಿತವಾದಾಗ ಹಾನಿಯಾಗುತ್ತದೆ. ಮೈಸೂರು ಸೀಮೆಯ ಮಣ್ಣುಗೋಡೆಯ ಕ್ರಮದಲ್ಲಿ ತುಳಿತಕ್ಕೆ ಮುಂಚೆ ಕಾಯುವಿಕೆ ಇತ್ತು: ಅಗೆದ ಮಣ್ಣನ್ನು ಗುಂಡಿಯಲ್ಲಿ ನೆನೆಹಾಕಿ, ಹುಲ್ಲು ಬೆರೆಸಿ, ದಿನಗಟ್ಟಲೆ ಕೊಳೆಯಲು ಬಿಡಲಾಗುತ್ತಿತ್ತು. ಜೇಡಿಯ ಕಣಗಳ ನಡುವೆ ನೀರು ಪೂರ್ತಿ ಇಳಿಯಲು ಹೊತ್ತು ಬೇಕು. ಹುಲ್ಲು ಮೆತ್ತಗಾಗಿ ಮಣ್ಣಿಗೆ ಅಂಟಿಕೊಳ್ಳಲೂ ಹೊತ್ತು ಬೇಕು. ಬೆಳಿಗ್ಗೆ ನೆನೆದು ಮಧ್ಯಾಹ್ನ ಗೋಡೆಗೇರಿದ ಮಣ್ಣಿನೊಳಗೆ ನೆನೆಯದ ಹೆಂಟೆಗಳು ಉಳಿದಿರುತ್ತವೆ, ಗೋಡೆ ಒಣಗುವಾಗ ಅವುಗಳ ಸುತ್ತಲೇ ಬಿರುಕು ತೊಡಗುತ್ತದೆ. ಕೆಲವೇ ದಿನಗಳಲ್ಲಿ ಮುಗಿಯಬೇಕಾದ ಶಿಬಿರಕ್ಕೆ ಈ ಕಾಯುವಿಕೆಯನ್ನು ಕಲಿಸುವ ಅವಕಾಶವೇ ಇಲ್ಲ.

ಎತ್ತರದ ಲೆಕ್ಕವೂ ಹೀಗೆಯೇ ಮರೆಯಾಗುತ್ತದೆ. ಹಸಿ ಗೋಡೆಯನ್ನು ಒಂದು ಸಲಕ್ಕೆ ಸುಮಾರು ಒಂದೂವರೆ ಅಡಿಯಷ್ಟು ಎಬ್ಬಿಸಿ, ಅದು ತನ್ನ ಭಾರ ತಾನು ಹೊರುವಷ್ಟು ಗಟ್ಟಿಯಾದ ಮೇಲೆ ಮುಂದಿನ ಸುತ್ತು ಹಾಕಬೇಕು. ಅವಸರಪಟ್ಟರೆ ಕೆಳಗಿನ ಮಣ್ಣು ಹೊಟ್ಟೆಯುಬ್ಬುತ್ತದೆ. ಏಳಡಿಯ ಗೋಡೆಗೆ ಹೀಗೆ ವಾರಗಳೇ ಹಿಡಿಯುತ್ತವೆ. ಶಿಬಿರಗಳಲ್ಲಿ ಕುಳಿತುಕೊಳ್ಳುವ ಕಟ್ಟೆ, ಒಲೆ, ಮೋಟುಗೋಡೆಗಳೇ ಏಕೆ ಹೆಚ್ಚಾಗಿ ತಯಾರಾಗುತ್ತವೆ ಎಂಬುದಕ್ಕೆ ಇದಕ್ಕಿಂತ ಬೇರೆ ಕಾರಣ ಹುಡುಕಬೇಕಿಲ್ಲ.

ಇನ್ನು ಬಾಟಲಿ ಪರೀಕ್ಷೆ. ಗಾಜಿನ ಬಾಟಲಿಯಲ್ಲಿ ಮಣ್ಣು ಮತ್ತು ನೀರು ಹಾಕಿ ಕುಲುಕಿಟ್ಟರೆ ಮರಳು ಕ್ಷಣಗಳಲ್ಲೂ ನುಣ್ಣನೆಯ ಗೋಡು ಗಂಟೆಗಳಲ್ಲೂ ತಳ ಸೇರುತ್ತವೆ, ಜೇಡಿ ದಿನವಾದರೂ ತೇಲುತ್ತಿರುತ್ತದೆ. ಪದರಗಳ ದಪ್ಪ ಅಳೆದು ಜೇಡಿಯ ಪ್ರಮಾಣ ಇಷ್ಟೆಂದು ಹೇಳಲಾಗುತ್ತದೆ. ಈ ಪರೀಕ್ಷೆ ಜೇಡಿ ಎಷ್ಟಿದೆಯೆಂದು ಅಂದಾಜಿಗೆ ಹೇಳೀತು, ಎಂಥದ್ದೆಂದು ಹೇಳಲಾರದು. ಮಂಡ್ಯ ಸೀಮೆಯ ಕೆಂಪು ಮಣ್ಣಿನಲ್ಲಿ ಹೆಚ್ಚಾಗಿರುವುದು ಕೆಯೊಲಿನೈಟ್, ಅಂದರೆ ನೀರು ಕುಡಿದರೂ ಹೆಚ್ಚು ಉಬ್ಬದ ಜೇಡಿ. ಎರೆಮಣ್ಣಿನಲ್ಲಿ ಇರುವುದು ಮಾಂಟ್‌ಮೊರಿಲೊನೈಟ್, ಅಂದರೆ ನೆನೆದಾಗ ಉಬ್ಬಿ ಒಣಗಿದಾಗ ಬಾಯಿಬಿಡುವ ಜೇಡಿ. ಇವೆರಡೂ ಬಾಟಲಿಯಲ್ಲಿ ಒಂದೇ ದಪ್ಪದ ಪದರವಾಗಿ ಕೂರಬಹುದು, ಗೋಡೆಯಲ್ಲಿ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ದಿಣ್ಣೆಯ ಮೇಲೆ ಕೆಂಪು, ತಗ್ಗಿನ ಗದ್ದೆಬಯಲಿನಲ್ಲಿ ಜಿಗುಟು ಮಣ್ಣು ಎಂದು ಫರ್ಲಾಂಗಿಗೊಮ್ಮೆ ನೆಲ ಬದಲಾಗುವ ಸೀಮೆಯಲ್ಲಿ ಇದು ಸಣ್ಣ ಲೋಪವಲ್ಲ. ಬೇಕರರು ‘ಮಡ್’ ಎಂಬ ತಮ್ಮ ಸಚಿತ್ರ ಕಿರುಹೊತ್ತಗೆಯಲ್ಲಿ ಇಂಥ ಸರಳ ಪರೀಕ್ಷೆಗಳನ್ನು ಮೊದಲ ನೋಟಕ್ಕೆಂದು ಕೊಟ್ಟರು; ಶಿಬಿರಗಳು ಅವನ್ನೇ ಅಂತಿಮ ತೀರ್ಪಾಗಿಸಿಕೊಂಡಿವೆ.

ಹುಲ್ಲಿನ ವಿಷಯದಲ್ಲಂತೂ ಬೋಧನೆ ತೀರ ತೆಳ್ಳಗಿದೆ. ಹುಲ್ಲು ಮಣ್ಣಿನ ಕುಗ್ಗುವಿಕೆಯನ್ನು ಇಲ್ಲವಾಗಿಸುವುದಿಲ್ಲ. ಒಂದು ದೊಡ್ಡ ಬಿರುಕಾಗಬೇಕಾದದ್ದನ್ನು ನೂರು ಕೂದಲೆಳೆಯ ಬಿರುಕುಗಳಾಗಿ ಹಂಚುತ್ತದೆ, ಆದ್ದರಿಂದ ಅದರ ಎಳೆ ಉದ್ದವಾಗಿಯೂ ಗಟ್ಟಿಯಾಗಿಯೂ ಇರಬೇಕು. ರಾಗಿ ಹುಲ್ಲು ದನಗಳಿಗೆ ಒಳ್ಳೆಯ ಮೇವಾದ್ದರಿಂದ ಅದನ್ನು ಗೋಡೆಗೆ ಹಾಕುವುದು ರೈತನಿಗೆ ನಷ್ಟ. ಭತ್ತದ ಹುಲ್ಲಿನಲ್ಲಿ ಸಿಲಿಕಾ ಹೆಚ್ಚಿರುವುದರಿಂದ ಅದು ಮೇವಾಗಿ ಕಡಿಮೆಯದು, ಕೊಳೆಯುವುದೂ ನಿಧಾನ. ಆದರೆ 1960ರ ದಶಕದ ನಂತರ ಹರಡಿದ ಗಿಡ್ಡ ತಳಿಗಳ ಹುಲ್ಲು ಮೋಟು, ಕಟಾವು ಯಂತ್ರದಿಂದ ಹೊರಬಿದ್ದದ್ದು ಇನ್ನೂ ನುಚ್ಚು. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ನೂರಾರು ನಾಟಿ ಭತ್ತದ ತಳಿಗಳನ್ನು ಉಳಿಸಿಕೊಂಡಿದ್ದಾರೆ. ಆಳೆತ್ತರ ಬೆಳೆಯುವ ಅಂಥ ತಳಿಗಳ ಹುಲ್ಲಿಗೂ ಗೋಡೆಗೂ ಇರುವ ನಂಟು ಕಟ್ಟಡದ ಪಾಠವಾಗಬೇಕಿತ್ತು. ಎಲ್ಲಿಂದಲೋ ತಂದ ಹುಲ್ಲಿನ ಕಟ್ಟನ್ನು ಬಿಚ್ಚಿ ಟಾರ್ಪಾಲಿನ ಮೇಲೆ ಉದುರಿಸುವಲ್ಲಿಗೆ ಪಾಠ ಮುಗಿಯುತ್ತದೆ.

ಶಿಬಿರಗಳ ಸಮರ್ಥಕರು ಇದಕ್ಕೆ ಉತ್ತರಿಸುವ ಬದಲು ಇನ್ನೊಂದು ಕಡೆಗೆ ಬೆರಳು ತೋರಿಸುತ್ತಾರೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಆರಂಭವಾದ ‘ಅಸ್ತ್ರ’ ಯೋಜನೆಯ ಎಂಜಿನಿಯರುಗಳು ಮಣ್ಣಿಗೆ ಸಿಮೆಂಟು ಬೆರೆಸಿ ಅದನ್ನು ಕೆಡಿಸಿದರೆಂಬುದು ಅವರ ಆಕ್ಷೇಪ. ಕೆ. ಎಸ್. ಜಗದೀಶ್, ವೆಂಕಟರಾಮ ರೆಡ್ಡಿ ಮೊದಲಾದವರು ರೂಪಿಸಿದ ಸ್ಥಿರೀಕೃತ ಮಣ್ಣಿನ ಇಟ್ಟಿಗೆಯಲ್ಲಿ, ಅಂದರೆ ನೂರಕ್ಕೆ ಐದರಿಂದ ಎಂಟು ಪಾಲು ಸಿಮೆಂಟು ಬೆರೆಸಿ ಕೈಯಂತ್ರದಲ್ಲಿ ಒತ್ತಿ, ಸುಡದೆ, ನೀರುಣಿಸಿ ಗಟ್ಟಿಮಾಡಿದ ಇಟ್ಟಿಗೆಯಲ್ಲಿ, ಮಣ್ಣು ಮತ್ತೆ ಮಣ್ಣಾಗುವ ಗುಣ ಕಳೆದುಹೋಗುತ್ತದೆ ಎಂಬುದು ನಿಜವೇ. ಆದರೆ ಮದ್ದೂರಿನ ನೆರೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೇಂದ್ರವಿಟ್ಟುಕೊಂಡು ಹಳ್ಳಿಯ ನಡುವೆ ದುಡಿದ ಆ ಬಳಗ ಯಾವ ಮಣ್ಣಿಗೆ ಎಷ್ಟು ಸಿಮೆಂಟು, ಎಲ್ಲಿ ಸುಣ್ಣ, ನೆನೆದ ಇಟ್ಟಿಗೆ ಎಷ್ಟು ಭಾರ ತಾಳುತ್ತದೆ ಎಂಬುದನ್ನು ಅಳೆದು ಪ್ರಕಟಿಸಿತು. ಅಂಕಿಗಳು ಮುಂದಿದ್ದುದರಿಂದಲೇ ಅವರೊಡನೆ ವಾದಿಸುವುದು ಸಾಧ್ಯ. ತಾವು ಕಟ್ಟಿಸಿದ ಗೋಡೆಗಳು ಐದು ಮಳೆಗಾಲಗಳ ನಂತರ ಹೇಗಿವೆಯೆಂದು ದಾಖಲಿಸದವರಿಗೆ ಶುದ್ಧಿಯ ಪೀಠದಿಂದ ತೀರ್ಪು ಕೊಡುವ ಅಧಿಕಾರ ಎಲ್ಲಿಂದ ಬಂತು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಎದುರು ದಿಕ್ಕಿನ ವಿಮರ್ಶಕರದು ಇದಕ್ಕಿಂತ ತೂಕದ ವಾದ. ಮಣ್ಣಿನ ಮನೆ ಎಂಬುದು ಕೇರಿಯ ಬಡತನದ ಗುರುತಾಗಿತ್ತು, ತಾರಸಿ ಮನೆ ಮಾನದ ಪ್ರಶ್ನೆ, ಬಿಟ್ಟುಬಂದ ಗುಡಿಸಲನ್ನು ಉಳ್ಳವರು ಸೊಗಸೆಂದು ಮರಳಿ ತರುವುದು ಕ್ರೂರ ವಿನೋದವೆಂದು ಅವರು ಹೇಳುತ್ತಾರೆ. ಇದರಲ್ಲಿನ ನೋವನ್ನು ಅಲ್ಲಗಳೆಯಲಾಗದು. ಆದರೂ ವಾದದ ಗುರಿ ತಪ್ಪಿದೆ. ಇದೇ ಸೀಮೆಯ ಗೌಡರ, ಶಾನುಭೋಗರ ತೊಟ್ಟಿಮನೆಗಳ ಗೋಡೆಗಳೂ ಬಹುಪಾಲು ಮಣ್ಣಿನವೇ. ಅವನ್ನು ಉಳಿಸಿದ್ದು ಕಲ್ಲಿನ ತಳಪಾಯ, ಎತ್ತರದ ಜಗಲಿ, ತೊಲೆ ಜಂತೆಗಳ ಮೇಲಿನ ನಾಡಹೆಂಚು, ಗೋಡೆಯಿಂದ ಮುಂದಕ್ಕೆ ಚಾಚಿದ ಸೂರು. ವರ್ಷವರ್ಷವೂ ಹೆಂಚು ಕೈಯಾಡಿಸುವ, ಗೋಡೆ ಸಾರಿಸುವ ಆಳುಕಾಳು. ಗುಡಿಸಲಿಗೆ ಸಿಕ್ಕದ್ದು ಇವು. ಅಲ್ಲಿ ಸೋರಿದ್ದೂ ಹೊತ್ತಿ ಉರಿದದ್ದೂ ಸೋಗೆಯ ಮಾಡು. ಗೋಡೆಯ ಮಣ್ಣು ಎರಡೂ ಕಡೆ ಒಂದೇ ಆಗಿತ್ತು. ಹಾಗಿರುವಾಗ ಗೋಡೆಯನ್ನೇ ದೂರುವ ಈ ವಿಮರ್ಶಕರೂ ಗೋಡೆಯನ್ನೇ ಹೊಗಳುವ ಶಿಬಿರದವರೂ ಒಂದೇ ಕಡೆ ನೋಡುತ್ತಿದ್ದಾರೆ.

ಸೂರಿನ ಪಾಠವಿಲ್ಲದ ಮಣ್ಣಿನ ಪಾಠ ಇಲ್ಲಿ ನಡೆಯದು. ಮಂಡ್ಯ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ ಬೀಳುತ್ತದೆ, ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್ ಮತ್ತು ಅಕ್ಟೋಬರಿನಲ್ಲಿ, ಗಾಳಿಯೊಡನೆ ಓರೆಯಾಗಿ ಹೊಡೆಯುತ್ತದೆ. ನಾಲೆಯ ಬಯಲಿನ ಊರುಗಳಲ್ಲಿ ನೆಲದೊಳಗಿನ ತೇವವೂ ಗೋಡೆಯ ಬುಡಕ್ಕೆ ಏರುತ್ತದೆ. ಬೇಸಿಗೆಯಲ್ಲಿ ಸೇರಿ ಬೇಸಿಗೆಯಲ್ಲೇ ಚದುರುವ ಶಿಬಿರಾರ್ಥಿಗಳು ಇವೆರಡನ್ನೂ ಕಾಣದೆ ಹೋಗುತ್ತಾರೆ. ಶಿಬಿರವು ಕಲಿಯುವವರಿಗೆ ಮಣ್ಣಿನ ಮೇಲಿದ್ದ ಹೇಸಿಗೆ ಬಿಡಿಸುತ್ತದೆ, ಗಾರೆಯವನಿಲ್ಲದೆಯೂ ಕೈಯಾಡಿಸಬಹುದೆಂಬ ಧೈರ್ಯ ಕೊಡುತ್ತದೆ. ಅಷ್ಟರ ಮಟ್ಟಿಗೆ ಅದು ಉಪಯುಕ್ತ.

ಆ ಧೈರ್ಯ ಯಾರ ಮನೆಗೆ ಒದಗುತ್ತದೆ ಎಂಬುದು ಬೇರೆ ಮಾತು. 2016ರಿಂದ ಜಾರಿಯಲ್ಲಿರುವ ಗ್ರಾಮೀಣ ಪ್ರಧಾನಮಂತ್ರಿ ಆವಾಸ್ ಯೋಜನೆ ಮಣ್ಣಿನ ಗೋಡೆಯನ್ನು ಕಚ್ಚಾ ಎಂದೇ ಎಣಿಸಿ, ಅದರಿಂದ ಹೊರಬರಲು ಹಣ ಕೊಡುತ್ತದೆ. ಮಳವಳ್ಳಿಯ ಹಳ್ಳಿಯಲ್ಲಿ ಮಣ್ಣಿನ ಮನೆ ಇರುವವರಿಗೆ ಅದನ್ನು ಬಿಟ್ಟು ಹೊಸ ಮನೆ ಕಟ್ಟಲು ನೆರವಿದೆ, ತಳಪಾಯ ಎತ್ತರಿಸಿ ಸೂರು ಚಾಚಿ ಅದನ್ನೇ ಸರಿಪಡಿಸಿಕೊಳ್ಳಲು ಆ ಯೋಜನೆಯಲ್ಲಿ ದಾರಿಯಿಲ್ಲ. ಕಾಬ್ ಗೋಡೆ ಎಬ್ಬಿಸಲು ಕಲಿತವರಿಗೆ ಕೆಲಸ ಸಿಗುವುದು ವಾರಾಂತ್ಯಕ್ಕೆ ಬಂದುಹೋಗುವವರ ತೋಟದ ಮನೆಯಲ್ಲಿ. ಅಲ್ಲಿಯೂ ಮಣ್ಣು ಹೊರುವ ಕೂಲಿಯವರು ಹಳ್ಳಿಯವರೇ, ಮತ್ತು ಅವರಲ್ಲಿ ಹಿರಿಯರಾದವರಿಗೆ ಗೋಡೆ ಹಾಕುವುದು ಶಿಬಿರದ ಗುರುವಿಗಿಂತ ಮೊದಲೇ ಬರುತ್ತಿತ್ತು.